ಎಣಿಕೆಗೆ ಬಾರದ ಭಾಷೆ: ಸಂವಿಧಾನ ರಚನಾ ಸಭೆಯ ಚುನಾವಣೆ ಮತ್ತು ಸೊಲ್ಲಾಪುರ–ಅಕ್ಕಲಕೋಟೆಯ ಕನ್ನಡಿಗರು

1946ರಲ್ಲಿ ಸೊಲ್ಲಾಪುರದಿಂದ ಕಲಬುರ್ಗಿಗೆ ರೈಲು ಹತ್ತಿದ ಪ್ರಯಾಣಿಕನು ಸುಮಾರು ನೂರಹತ್ತು ಕಿಲೋಮೀಟರುಗಳ ದಾರಿಯಲ್ಲಿ ಮೂರು ಆಳ್ವಿಕೆಗಳನ್ನು ಹಾದುಹೋಗುತ್ತಿದ್ದನು. ಹೊರಟ ಊರು ಬ್ರಿಟಿಷ್ ಭಾರತದ ಮುಂಬಯಿ ಪ್ರಾಂತಕ್ಕೆ ಸೇರಿದ ಜಿಲ್ಲಾ ಕೇಂದ್ರ. ಮುಂದೆ ಸಿಗುವ ಅಕ್ಕಲಕೋಟೆ, ದುಧನಿಗಳ ಸೀಮೆ ಭೋಸಲೆ ಮನೆತನದ ಚಿಕ್ಕ ಸಂಸ್ಥಾನ. ಅದನ್ನು ದಾಟಿದರೆ ಹೈದರಾಬಾದಿನ ನಿಜಾಮರ ರಾಜ್ಯ. ಆಳ್ವಿಕೆ ಬದಲಾಗುತ್ತಿದ್ದರೂ ಹೊಲದಲ್ಲಿ, ಸಂತೆಯಲ್ಲಿ, ಮನೆಯೊಳಗೆ ಕೇಳಿಬರುತ್ತಿದ್ದ ಕನ್ನಡ ಮಾತ್ರ ಎಲ್ಲಿಯೂ ತುಂಡಾಗುತ್ತಿರಲಿಲ್ಲ. ಮರಾಠಿ, ಉರ್ದು, ತೆಲುಗುಗಳೊಡನೆ ಬೆರೆತುಕೊಂಡೇ ಅದು ಸಾಗುತ್ತಿತ್ತು. ಅದೇ ವರ್ಷ ಭಾರತಕ್ಕೆ ಹೊಸ ಸಂವಿಧಾನವನ್ನು ಬರೆಯಲು ಒಂದು ಸಭೆಯನ್ನು ಆರಿಸಲಾಯಿತು. ಈ ಮೂರು ಸೀಮೆಗಳ ಜನರು ಆ ಸಭೆಯನ್ನು ತಲುಪಲು ಇದ್ದ ದಾರಿಗಳೂ ಮೂರು. ಮೂರರಲ್ಲಿ ಒಂದೂ ಭಾಷೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಸಂಗತಿಯ ಪರಿಣಾಮವನ್ನು ಇಂದಿಗೂ ಗಡಿಯ ಪ್ರಾಥಮಿಕ ಶಾಲೆಯ ಹಾಜರಿಪುಸ್ತಕದಲ್ಲಿ ಕಾಣಬಹುದು.

ಸಂವಿಧಾನವನ್ನು ಭಾರತೀಯರೇ ಬರೆಯಬೇಕು, ಬರೆಯುವವರನ್ನು ವಯಸ್ಕರೆಲ್ಲರೂ ಕೂಡಿ ಆರಿಸಬೇಕು ಎಂಬ ಬೇಡಿಕೆ 1930ರ ದಶಕದ ಮಧ್ಯಭಾಗದಿಂದಲೇ ಕಾಂಗ್ರೆಸ್ಸಿನ ಅಧಿಕೃತ ನಿಲುವಾಗಿತ್ತು. 1946ರ ಮೇ 16ರಂದು ಬ್ರಿಟಿಷ್ ಸಂಪುಟ ನಿಯೋಗವು ತನ್ನ ಯೋಜನೆಯನ್ನು ಪ್ರಕಟಿಸಿದಾಗ ಈ ಬೇಡಿಕೆಯ ನ್ಯಾಯವನ್ನು ಒಪ್ಪಿಕೊಂಡಿತು. ವಯಸ್ಕ ಮತದಾನವೇ ಅತ್ಯಂತ ತೃಪ್ತಿಕರವಾದ ಮಾರ್ಗವೆಂದೂ, ಆದರೆ ಅದನ್ನು ಈಗ ಕೈಗೆತ್ತಿಕೊಂಡರೆ ಸಹಿಸಲಾಗದ ವಿಳಂಬವಾಗುವುದೆಂದೂ ಹೇಳಿತು. ಅವಸರಕ್ಕೆ ಕಾರಣಗಳಿದ್ದವು. ಯುದ್ಧ ಮುಗಿದಿತ್ತು, ಅಧಿಕಾರ ಹಸ್ತಾಂತರ ಸಮೀಪಿಸುತ್ತಿತ್ತು, ಕೋಟ್ಯಂತರ ಜನರ ಮತದಾರ ಪಟ್ಟಿಯನ್ನು ಸಿದ್ಧಪಡಿಸುವುದು ವರ್ಷಗಳ ಕೆಲಸವಾಗಿತ್ತು. ಆದುದರಿಂದ ಅದೇ ವರ್ಷದ ಆರಂಭದಲ್ಲಿ ಚುನಾಯಿತವಾಗಿದ್ದ ಪ್ರಾಂತೀಯ ವಿಧಾನಸಭೆಗಳನ್ನೇ ಮತದಾರ ಮಂಡಲಿಗಳನ್ನಾಗಿ ಬಳಸಿಕೊಳ್ಳುವುದೆಂದು ನಿರ್ಧಾರವಾಯಿತು. ಜನರು ವಿಧಾನಸಭೆಯನ್ನು ಆರಿಸಿದ್ದರು. ವಿಧಾನಸಭೆಯು ಸಂವಿಧಾನ ಸಭೆಯನ್ನು ಆರಿಸತಕ್ಕದ್ದು. ತಮ್ಮ ಮತಕ್ಕೆ ಈ ಎರಡನೆಯ ಕೆಲಸವೂ ಇದೆಯೆಂಬುದು ಆ ಚಳಿಗಾಲದಲ್ಲಿ ಮತಗಟ್ಟೆಗೆ ಹೋದವರಿಗೆ ತಿಳಿದಿರಲು ಸಾಧ್ಯವಿರಲಿಲ್ಲ. ಸಂಪುಟ ನಿಯೋಗ ಆಗಿನ್ನೂ ಭಾರತಕ್ಕೆ ಬಂದೇ ಇರಲಿಲ್ಲ.

ಮತಗಟ್ಟೆಗೆ ಹೋದವರಾದರೂ ಯಾರು? 1935ರ ಭಾರತ ಸರ್ಕಾರ ಕಾಯಿದೆಯ ಪ್ರಕಾರ ಭೂಕಂದಾಯ, ಮನೆ ಬಾಡಿಗೆ, ತೆರಿಗೆ, ವಿದ್ಯಾಭ್ಯಾಸ ಇವುಗಳಲ್ಲಿ ಗೊತ್ತುಪಡಿಸಿದ ಮಟ್ಟವನ್ನು ಮುಟ್ಟಿದವರಿಗೆ ಮಾತ್ರ ಮತದ ಹಕ್ಕಿತ್ತು. ದೇಶದ ವಯಸ್ಕರಲ್ಲಿ ಅಂಥವರು ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಸೊಲ್ಲಾಪುರ ಜಿಲ್ಲೆಯಂಥ ಮಳೆ ನಂಬಿದ ಸೀಮೆಯಲ್ಲಿ ಈ ಜರಡಿ ಹೇಗೆ ಕೆಲಸ ಮಾಡಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಭೂಮಿಯಿಲ್ಲದ ಕೂಲಿಕಾರರು, ಪಾಲಿಗೆ ಉಳುವವರು, ಒಂದೇ ಕೋಣೆಯ ಚಾಳಿನಲ್ಲಿ ಬಾಳುವೆ ಮಾಡುತ್ತಿದ್ದ ಗಿರಣಿ ಕೆಲಸಗಾರರು ಇವರಲ್ಲಿ ಬಹುಪಾಲು ಜನರು ಜರಡಿಯ ಕೆಳಗೆ ಉದುರಿದವರು. ಮಹಿಳೆಯರಲ್ಲಿ ಅಕ್ಷರ ಬಲ್ಲವರಿಗೂ ಆಸ್ತಿವಂತರ ಹೆಂಡಂದಿರಿಗೂ ವಿಧವೆಯರಿಗೂ ಅರ್ಹತೆ ಇತ್ತು; ಉಳಿದವರಿಗಿರಲಿಲ್ಲ. 1930ರ ಮೇ ತಿಂಗಳಿನಲ್ಲಿ ಬ್ರಿಟಿಷರ ವಿರುದ್ಧ ಬೀದಿಗಿಳಿದು, ಮಾರ್ಷಲ್ ಲಾ ಹೇರಿಕೆಯನ್ನು ಕಂಡು, 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ, ಶ್ರೀಕಿಶನ್ ಸಾರಡಾ ಎಂಬ ನಾಲ್ವರನ್ನು ಯೆರವಡಾ ಸೆರೆಮನೆಯ ಗಲ್ಲಿಗೆ ಒಪ್ಪಿಸಿದ ಊರಿನಲ್ಲಿ, ಸ್ವರಾಜ್ಯದ ಮೂಲಪತ್ರವನ್ನು ಬರೆಯುವವರನ್ನು ಪರೋಕ್ಷವಾಗಿಯಾದರೂ ಆರಿಸುವ ಹಕ್ಕು ಬಹುಸಂಖ್ಯಾತ ವಯಸ್ಕರಿಗೆ ಇರಲಿಲ್ಲ.

ಈಗ ಎರಡನೆಯ ಹಂತ. ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಭಾಷೆ ಕಾಣೆಯಾದದ್ದು ಇಲ್ಲಿಯೇ. ಯೋಜನೆಯು ಹತ್ತು ಲಕ್ಷ ಜನಸಂಖ್ಯೆಗೆ ಒಂದರಂತೆ ಪ್ರಾಂತಗಳಿಗೆ ಸ್ಥಾನಗಳನ್ನು ಹಂಚಿತು. ಬ್ರಿಟಿಷ್ ಭಾರತಕ್ಕೆ 296 ಸ್ಥಾನಗಳು, ಸಂಸ್ಥಾನಗಳಿಗೆ ಹೆಚ್ಚೆಂದರೆ 93, ಒಟ್ಟು 389. ಬಳಿಕ ಪ್ರತಿ ಪ್ರಾಂತದ ಸ್ಥಾನಗಳನ್ನು ಅಲ್ಲಿನ ಸಮುದಾಯಗಳಿಗೆ ಜನಸಂಖ್ಯೆಯ ಪ್ರಮಾಣದಲ್ಲಿ ವಿಂಗಡಿಸಿತು. ಯೋಜನೆ ಗುರುತಿಸಿದ ಸಮುದಾಯಗಳು ಮೂರೇ: ಮುಸ್ಲಿಂ, ಸಿಖ್ ಮತ್ತು ಸಾಮಾನ್ಯ. ಸಿಖ್ ವರ್ಗ ಪಂಜಾಬಿಗೆ ಮಾತ್ರ ಅನ್ವಯಿಸಿತು. ಮುಸ್ಲಿಮರೂ ಸಿಖ್ಖರೂ ಅಲ್ಲದವರೆಲ್ಲರೂ, ಅವರು ಹಿಂದೂಗಳಿರಲಿ, ಕ್ರೈಸ್ತರಿರಲಿ, ಪಾರ್ಸಿಗಳಿರಲಿ, ಪರಿಶಿಷ್ಟ ಜಾತಿಗಳವರಿರಲಿ, ‘ಸಾಮಾನ್ಯ’ ಎಂಬ ಒಂದೇ ಪೆಟ್ಟಿಗೆಯೊಳಗೆ ಬಿದ್ದರು. ಮುಂಬಯಿ ಪ್ರಾಂತಕ್ಕೆ ದೊರೆತ 21 ಸ್ಥಾನಗಳಲ್ಲಿ 19 ಸಾಮಾನ್ಯ, 2 ಮುಸ್ಲಿಂ. ಗುಜರಾತಿ, ಮರಾಠಿ, ಕನ್ನಡಗಳನ್ನಾಡುವ ಮೂರು ದೊಡ್ಡ ಜನಸಮುದಾಯಗಳನ್ನು ಒಳಗೊಂಡಿದ್ದ ಪ್ರಾಂತದಲ್ಲಿ ಯಾವ ಭಾಷೆಗೆ ಎಷ್ಟು ಎಂಬ ಪ್ರಶ್ನೆಯನ್ನು ಯೋಜನೆ ಕೇಳಿಕೊಳ್ಳಲೇ ಇಲ್ಲ. ಜನಗಣತಿಯವರು ಮಾತೃಭಾಷೆಯನ್ನು ಕೇಳಿ ಬರೆದುಕೊಳ್ಳುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಿಂದಲೇ ನಡೆದುಬಂದಿದ್ದರೂ ಆ ಅಂಕಿಗಳಿಗೆ ಇಲ್ಲಿ ಕೆಲಸವಿರಲಿಲ್ಲ.

ಮತದಾನದ ಕ್ರಮವು ಪ್ರಮಾಣಾನುಸಾರ ಪ್ರಾತಿನಿಧ್ಯದ್ದು. ವರ್ಗಾಯಿಸಬಹುದಾದ ಒಂದೇ ಮತದ್ದು. ಪ್ರತಿ ಶಾಸಕನಿಗೂ ಒಂದು ಮತ. ಆದರೆ ಆತ ಮತಪತ್ರದಲ್ಲಿ ಅಭ್ಯರ್ಥಿಗಳ ಎದುರು ಒಂದು, ಎರಡು, ಮೂರು ಎಂದು ತನ್ನ ಒಲವಿನ ಕ್ರಮವನ್ನು ಬರೆಯಬಹುದು. ಗೆಲ್ಲಲು ಬೇಕಾದ ಮತಗಳ ಮಟ್ಟವನ್ನು ಮೊದಲೇ ಲೆಕ್ಕಹಾಕಲಾಗುತ್ತದೆ: ಒಟ್ಟು ಮತಗಳನ್ನು ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿದ ಸಂಖ್ಯೆಯಿಂದ ಭಾಗಿಸಿ, ಬಂದ ಪೂರ್ಣಾಂಕಕ್ಕೆ ಒಂದನ್ನು ಸೇರಿಸಬೇಕು. ಆ ಮಟ್ಟ ದಾಟಿದವನ ಹೆಚ್ಚುವರಿ ಮತಗಳೂ, ತಳದಲ್ಲಿ ಉಳಿದು ಸ್ಪರ್ಧೆಯಿಂದ ಹೊರಬಿದ್ದವನ ಮತಗಳೂ ಮುಂದಿನ ಒಲವಿನ ಅಭ್ಯರ್ಥಿಗೆ ಹರಿಯುತ್ತವೆ. ಮುಂಬಯಿ ವಿಧಾನಸಭೆಯಲ್ಲಿ 175 ಸ್ಥಾನಗಳಿದ್ದವು. ಮಹಿಳೆಗೆ ಮೀಸಲಾದ ಒಂದನ್ನು ಸೇರಿಸಿ ಮುಸ್ಲಿಂ ಸ್ಥಾನಗಳು 30, ಉಳಿದವು 145. ಈ 145 ಮಂದಿಯೂ ಮತ ಹಾಕಿದರೆ 145ನ್ನು 20ರಿಂದ ಭಾಗಿಸಬೇಕು. ಮಟ್ಟ 8 ಎಂದಾಗುತ್ತದೆ. ಎಂದರೆ ಎಂಟು ಶಾಸಕರು ಒಟ್ಟಾಗಿ ನಿಂತರೆ ದೇಶದ ಸಂವಿಧಾನ ಬರೆಯುವ ಕೋಣೆಗೆ ಒಬ್ಬನನ್ನು ಕಳುಹಿಸಬಹುದಾಗಿತ್ತು. ಕಾಗದದ ಮೇಲೆ ಅಲ್ಪಸಂಖ್ಯಾತರಿಗೆ ಇದಕ್ಕಿಂತ ಉದಾರವಾದ ವಿಧಾನ ಅಪರೂಪ.

ಆದರೆ ಎಂಟು ಮಂದಿಯನ್ನು ಒಟ್ಟುಗೂಡಿಸಬೇಕಾದರೆ ಮೊದಲು ಅವರು ವಿಧಾನಸಭೆಯೊಳಗೆ ಇರಬೇಕಲ್ಲ! ಡಾ. ಬಿ.ಆರ್. ಅಂಬೇಡ್ಕರರ ಅನುಭವ ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ. ಮುಂಬಯಿ ವಿಧಾನಸಭೆಯಲ್ಲಿ ಪರಿಶಿಷ್ಟ ಜಾತಿಗಳಿಗೆ 15 ಸ್ಥಾನಗಳು ಮೀಸಲಾಗಿದ್ದವು. ಅಷ್ಟೂ ಮಂದಿ ಒಂದೇ ಒಲವಿನವರಾಗಿದ್ದರೆ ಒಬ್ಬನನ್ನು ಸುಲಭವಾಗಿ ಆರಿಸಬಹುದಿತ್ತು. ಆದರೆ ಪುಣೆ ಒಪ್ಪಂದದ ಪ್ರಕಾರ ಮೀಸಲು ಸ್ಥಾನದ ಅಂತಿಮ ಆಯ್ಕೆ ಸಾಮಾನ್ಯ ಮತದಾರರೆಲ್ಲರ ಕೈಯಲ್ಲಿತ್ತು. ಅಂಬೇಡ್ಕರರ ಪರಿಶಿಷ್ಟ ಜಾತಿ ಒಕ್ಕೂಟಕ್ಕೆ 1946ರಲ್ಲಿ ಮುಂಬಯಿಯಲ್ಲಿ ಒಂದು ಸ್ಥಾನವೂ ದೊರೆಯಲಿಲ್ಲ. ಆ ಜುಲೈಯಲ್ಲಿ ಒಕ್ಕೂಟದವರು ಪಿ.ಎನ್. ರಾಜಭೋಜರ ಮುಂದಾಳುತನದಲ್ಲಿ ಪುಣೆಯಲ್ಲಿ ಸತ್ಯಾಗ್ರಹ ಹೂಡಿದರು. ಅಂಬೇಡ್ಕರರು ದೂರದ ಬಂಗಾಳದಿಂದ, ಜೋಗೇಂದ್ರನಾಥ ಮಂಡಲರ ನೆರವಿನಿಂದ ಸಂವಿಧಾನ ಸಭೆಯನ್ನು ಸೇರಬೇಕಾಯಿತು. ದೇಶವಿಭಜನೆಯಿಂದ ಆ ಸ್ಥಾನವೂ ಹೋಯಿತು. ಎಂ.ಆರ್. ಜಯಕರರು ಬಿಟ್ಟುಕೊಟ್ಟಿದ್ದ ಸ್ಥಾನಕ್ಕೆ ಅವರನ್ನು ಮುಂಬಯಿ ವಿಧಾನಸಭೆ ಆರಿಸಿದ್ದು 1947ರ ಜುಲೈಯಲ್ಲಿ. ಅದೂ ರಾಜೇಂದ್ರ ಪ್ರಸಾದರು ಮುಂಬಯಿಯ ಮುಖ್ಯಮಂತ್ರಿ ಬಿ.ಜಿ. ಖೇರರಿಗೆ ಪತ್ರ ಬರೆದ ಬಳಿಕ. ಕರಡು ಸಮಿತಿಯ ಅಧ್ಯಕ್ಷರಾಗಲಿದ್ದವರು ಒಳಬಂದದ್ದು ಹೀಗೆ, ಎರಡು ಸಲ, ಎರಡು ಬೇರೆ ಬೇರೆ ಬಾಗಿಲುಗಳಿಂದ.

ಕನ್ನಡಿಗರ ವಿಷಯದಲ್ಲಿ ಯೋಜನೆಯು ಕಾಣದ ಭಾಷೆಯನ್ನು ಒಂದು ಮಟ್ಟಿಗೆ ಕಂಡದ್ದು ಪಕ್ಷ. 1920ರಿಂದ ಕಾಂಗ್ರೆಸ್ ತನ್ನ ಪ್ರಾಂತಿಕ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ಕಟ್ಟಿಕೊಂಡಿತ್ತು. ಸರ್ಕಾರದ ಭೂಪಟದಲ್ಲಿ ಒಂದೇ ಆಗಿದ್ದ ಮುಂಬಯಿ ಪ್ರಾಂತವು ಪಕ್ಷದ ಭೂಪಟದಲ್ಲಿ ಹಲವು ಭಾಗಗಳಾಗಿತ್ತು. ಧಾರವಾಡ, ಬಿಜಾಪುರ, ಬೆಳಗಾವಿ, ಉತ್ತರ ಕನ್ನಡಗಳು ಕರ್ನಾಟಕ ಪ್ರಾಂತಿಕ ಸಮಿತಿಯಲ್ಲಿದ್ದವು. ಮುಂಬಯಿಯ ಸಾಮಾನ್ಯ ಸ್ಥಾನಗಳಿಂದ ಸಂವಿಧಾನ ಸಭೆಯಲ್ಲಿ ಕುಳಿತವರ ಪೈಕಿ ಆರ್.ಆರ್. ದಿವಾಕರರೂ ಎಸ್. ನಿಜಲಿಂಗಪ್ಪನವರೂ ಇದ್ದರು. ನಿಜಲಿಂಗಪ್ಪನವರ ಸಾರ್ವಜನಿಕ ಜೀವನದ ನೆಲೆ ಚಿತ್ರದುರ್ಗ. ಅದು ಮೈಸೂರು ಸಂಸ್ಥಾನದ ಊರು. ಹಾಗಿದ್ದೂ ಅವರು ಮುಂಬಯಿಯ ಪ್ರತಿನಿಧಿಯಾದುದನ್ನು ನೋಡಿದರೆ, ಸರ್ಕಾರಿ ಗಡಿಗಳ ಮೇಲೆ ಪಕ್ಷವು ತನ್ನ ಭಾಷಾ ಭೂಪಟವನ್ನು ಹೊದಿಸಿತ್ತೆಂದು ತಿಳಿಯಲು ಅವಕಾಶವಿದೆ. ಸೊಲ್ಲಾಪುರದ ಕನ್ನಡಿಗರಿಗೆ ಈ ಎರಡನೆಯ ಭೂಪಟದಿಂದಲೂ ನೇರ ಪ್ರಯೋಜನ ಆಗಲಿಲ್ಲ. ಪಕ್ಷದ ಲೆಕ್ಕದಲ್ಲಿ ಅವರ ಜಿಲ್ಲೆ ಮಹಾರಾಷ್ಟ್ರ ಸಮಿತಿಗೆ ಸೇರಿತ್ತು. ಸಿದ್ಧರಾಮನ ಸೊನ್ನಲಿಗೆಯ ಕನ್ನಡಿಗನು ಸರ್ಕಾರದ ಕಡತದಲ್ಲಿ ‘ಸಾಮಾನ್ಯ’ನಾದನು, ಪಕ್ಷದ ಕಡತದಲ್ಲಿ ಮಹಾರಾಷ್ಟ್ರದವನಾದನು. ಅವನು ಕನ್ನಡಿಗನೆಂದು ದಾಖಲಾಗುವ ಕಡತವೊಂದು ಈ ಚುನಾವಣೆಯಲ್ಲಿ ಇರಲಿಲ್ಲ.

ಇನ್ನು ಅಕ್ಕಲಕೋಟೆ. ಸುಮಾರು 500 ಚದರ ಮೈಲಿ ವಿಸ್ತೀರ್ಣದ ಈ ಸಂಸ್ಥಾನವು ದಖ್ಖಣದ ಸಂಸ್ಥಾನಗಳ ಸಾಲಿನಲ್ಲಿ ಒಂದಾಗಿತ್ತು. 1946ರ ಜುಲೈ ಚುನಾವಣೆಗೂ ಇದಕ್ಕೂ ಸಂಬಂಧವಿರಲಿಲ್ಲ. ಸಂಸ್ಥಾನಗಳ ಪ್ರತಿನಿಧಿಗಳನ್ನು ಹೇಗೆ ಆರಿಸಬೇಕೆಂಬುದನ್ನು ಸಂಪುಟ ನಿಯೋಗ ಮಾತುಕತೆಗೆ ಬಿಟ್ಟಿತ್ತು. 1947ರ ಆರಂಭದಲ್ಲಿ ಸಂವಿಧಾನ ಸಭೆಯ ಸಮಿತಿಗೂ ರಾಜರ ಸಮಿತಿಗೂ ನಡುವೆ ಆದ ಒಪ್ಪಂದದಂತೆ, ಸಂಸ್ಥಾನಗಳ ಪ್ರತಿನಿಧಿಗಳಲ್ಲಿ ಕನಿಷ್ಠ ಅರ್ಧದಷ್ಟು ಮಂದಿಯನ್ನು ಅಲ್ಲಿನ ಶಾಸನಸಭೆಗಳ ಚುನಾಯಿತ ಸದಸ್ಯರು, ಅಂಥ ಸಭೆಯಿಲ್ಲದಲ್ಲಿ ಬೇರೆ ಮತದಾರ ಮಂಡಲಿಗಳು ಆರಿಸಬೇಕಾಗಿತ್ತು. ಉಳಿದವರು ಅರಸರ ನಾಮಕರಣದಿಂದ ಬರಬಹುದಿತ್ತು. ಮೈಸೂರಿನಂಥ ದೊಡ್ಡ ಸಂಸ್ಥಾನಕ್ಕೆ ಏಳು ಸ್ಥಾನಗಳು ದೊರೆತವು. ಹತ್ತು ಲಕ್ಷ ಜನಸಂಖ್ಯೆಯ ಹತ್ತಿರಕ್ಕೂ ಬಾರದ ಅಕ್ಕಲಕೋಟೆ, ಜತ್ತ, ರಾಮದುರ್ಗ, ಜಮಖಂಡಿಯಂಥವನ್ನು ಗುಂಪುಗೂಡಿಸಲಾಯಿತು. ಸಂವಿಧಾನಕ್ಕೆ ಅಂತಿಮವಾಗಿ ಸಹಿ ಹಾಕಿದವರಲ್ಲಿ ‘ಮುಂಬಯಿ ಸಂಸ್ಥಾನಗಳು’ ಎಂಬ ಶೀರ್ಷಿಕೆಯಡಿ ರಾಮದುರ್ಗದ ಬಿ.ಎನ್. ಮುನವಳ್ಳಿಯವರ ಹೆಸರಿದೆ. ಪ್ರಜಾ ಚಳವಳಿಯಿಂದ ಬಂದ ಕನ್ನಡಿಗರವರು. ಅಕ್ಕಲಕೋಟೆಯ ಕನ್ನಡಿಗನಿಗೆ ಆ ಸಭೆಯಲ್ಲಿ ಅತ್ಯಂತ ಸಮೀಪದ ಧ್ವನಿ ಎಂದು ಯಾರನ್ನಾದರೂ ಹೆಸರಿಸುವುದಾದರೆ ಬಹುಶಃ ಅವರನ್ನೇ ಹೆಸರಿಸಬೇಕು. ಆದರೆ ಅವರನ್ನು ಆರಿಸಿದ್ದು ನಾಗಣಸೂರಿನ ಅಥವಾ ಮೈಂದರ್ಗಿಯ ರೈತನಲ್ಲ.

ಸಂಸ್ಥಾನದ ಪ್ರಜೆಗಳು ತಮ್ಮ ಆಡಳಿತದ ಮೂಲಪತ್ರದಲ್ಲಿ ಪಾಲು ಪಡೆಯುವುದು ಆ ಕಾಲಕ್ಕೆ ಅಸಾಧ್ಯವಾದ ಕನಸಾಗಿತ್ತೆಂದು ತಿಳಿಯಬೇಕಿಲ್ಲ. ನೆರೆಯಲ್ಲೇ ಔಂಧ ಸಂಸ್ಥಾನವಿತ್ತು. ಬಿಜಾಪುರ ಜಿಲ್ಲೆಯೊಳಗೆ ಗುಣದಾಳ ಎಂಬ ಕನ್ನಡ ಸೀಮೆಯೂ ಅದರ ತುಂಡು ತುಂಡಾದ ಭೂಭಾಗಗಳಲ್ಲಿ ಒಂದು. ಅದರ ಅರಸ ಭವಾನರಾವ ಪಂತಪ್ರತಿನಿಧಿಯವರು ಗಾಂಧೀಜಿಯ ಸಲಹೆ ಪಡೆದು 1939ರ ಜನವರಿಯಲ್ಲಿ ಗ್ರಾಮ ಪಂಚಾಯತಿಗಳ ತಳಹದಿಯ ಮೇಲೆ ಹೊಸ ಸಂವಿಧಾನವನ್ನು ಜಾರಿಗೆ ತಂದರು. ಅರಸನೇ ಕೊಟ್ಟ ಸಂವಿಧಾನ ಅದು ಎಂಬ ಮಾತು ನಿಜ. ಆದರೂ ಅಧಿಕಾರವನ್ನು ಊರಿನಿಂದ ಮೇಲಕ್ಕೆ ಕಟ್ಟಿದ ಆ ಪ್ರಯೋಗ ದಖ್ಖಣದ ಉಳಿದ ಸಂಸ್ಥಾನಗಳಲ್ಲಿ ನಡೆಯಲಿಲ್ಲ. 1948ರ ಮಾರ್ಚ್ 8ರಂದು ಅಕ್ಕಲಕೋಟೆಯೂ ಸೇರಿದಂತೆ ದಖ್ಖಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಅಕ್ಕಲಕೋಟೆ ಸೊಲ್ಲಾಪುರ ಜಿಲ್ಲೆಯ ತಾಲೂಕಾಯಿತು. ಮೂರನೆಯ ಸೀಮೆಯ ಕಥೆ ಇನ್ನೂ ಚಿಕ್ಕದು: ಹೈದರಾಬಾದಿಗೆಂದು ಇಟ್ಟಿದ್ದ 16 ಸ್ಥಾನಗಳು ಕೊನೆಯವರೆಗೂ ಖಾಲಿಯೇ ಉಳಿದವು. 1948ರ ಸೆಪ್ಟೆಂಬರಿನಲ್ಲಿ ಭಾರತೀಯ ಸೇನೆಯ ಮುಖ್ಯ ದಂಡು ಸೊಲ್ಲಾಪುರದಿಂದಲೇ ನಿಜಾಮರ ರಾಜ್ಯದೊಳಕ್ಕೆ ನಡೆಯಿತು. 1949ರ ನವೆಂಬರಿನ ಫರ್ಮಾನಿನಿಂದ ನಿಜಾಮರು ಸಂವಿಧಾನವನ್ನು ಒಪ್ಪಿಕೊಂಡರು. ಆಳಂದ, ಕಲಬುರ್ಗಿಗಳ ಕನ್ನಡಿಗರ ಪರವಾಗಿ ಆ ಸಭೆಯಲ್ಲಿ ಯಾರೂ ಕುಳಿತಿರಲಿಲ್ಲ.

ಇಂಥ ಸಭೆಗೆ ಸಂವಿಧಾನ ಬರೆಯುವ ಅಧಿಕಾರವಿದೆಯೆ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಸಮಾಜವಾದಿಗಳು 1946ರಲ್ಲಿ ಸಭೆಯಿಂದ ದೂರ ಉಳಿದರು. 1948ರ ನವೆಂಬರಿನಲ್ಲಿ ಕರಡಿನ ಚರ್ಚೆ ಆರಂಭವಾದಾಗ ದಾಮೋದರ ಸ್ವರೂಪ ಸೇಠರು, ವಯಸ್ಕ ಮತದಾನದಿಂದ ಆರಿಸಿದ ಹೊಸ ಸಭೆ ಬರುವವರೆಗೆ ಕರಡಿನ ಪರಿಶೀಲನೆಯನ್ನು ಮುಂದೂಡಬೇಕೆಂದು ಸೂಚಿಸಿದರು. ಸೂಚನೆ ಬಿದ್ದುಹೋಯಿತು. ಅದು ಬಿದ್ದುಹೋದದ್ದು ದೇಶಕ್ಕೆ ಒಳಿತಾಯಿತೆಂದೇ ಹೇಳಬೇಕು. ಪಾಕಿಸ್ತಾನದ ಸಂವಿಧಾನ ಸಭೆಯೂ ಮೂಲತಃ ಇದೇ 1946ರ ಪ್ರಾಂತೀಯ ಶಾಸಕರಿಂದ ಆರಿಸಲ್ಪಟ್ಟಿತ್ತು. ಕೆಲಸ ಮುಗಿಸದೆ ಏಳು ವರ್ಷ ಕಳೆದ ಆ ಸಭೆಯನ್ನು 1954ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ವಿಸರ್ಜಿಸಿದರು. ನೇಪಾಳವು 2008ರಲ್ಲಿ 601 ಸದಸ್ಯರ ಸಭೆಯನ್ನು ಆರಿಸಿತು. ಅದರಲ್ಲಿ 575 ಮಂದಿ ವಯಸ್ಕ ಮತದಾನದಿಂದ ಬಂದವರು. ಪ್ರಮಾಣಾನುಸಾರದ 335 ಸ್ಥಾನಗಳಿಗೆ ಪಕ್ಷಗಳು ಕೊಡುವ ಪಟ್ಟಿಯಲ್ಲಿ ಮಹಿಳೆಯರು, ದಲಿತರು, ಜನಜಾತಿಗಳು, ಮಧೇಶಿಗಳು ಗೊತ್ತುಪಡಿಸಿದ ಪ್ರಮಾಣದಲ್ಲಿ ಇರಲೇಬೇಕೆಂದು ಕಾನೂನು ಮಾಡಲಾಗಿತ್ತು. ಪ್ರಾತಿನಿಧ್ಯದ ದೃಷ್ಟಿಯಿಂದ ಅದು ದೆಹಲಿಯ ಸಭೆಗಿಂತ ಬಹಳ ಮುಂದಿತ್ತು. ಆದರೂ ಪ್ರಾಂತಗಳ ಗಡಿಯನ್ನು ಹೇಗೆ ಎಳೆಯಬೇಕು, ಯಾವ ಸಮುದಾಯದ ಗುರುತಿನ ಮೇಲೆ ಎಳೆಯಬೇಕು ಎಂಬಲ್ಲಿ ಸಿಕ್ಕಿಕೊಂಡು 2012ರಲ್ಲಿ ಸಂವಿಧಾನವಿಲ್ಲದೆಯೇ ಮುಗಿದುಹೋಯಿತು. ಇನ್ನೊಂದು ಚುನಾವಣೆ ನಡೆದು 2015ರ ಸೆಪ್ಟೆಂಬರಿನಲ್ಲಿ ಸಂವಿಧಾನ ಬಂತು. ದೆಹಲಿಯ ಸಭೆ ಗಡಿಯ ಗಂಟನ್ನು ಬಿಚ್ಚಲು ಹೋಗದೆ ಪಕ್ಕಕ್ಕಿಟ್ಟಿತು. ಅದರ ಜಾಣತನವೂ ಅದರ ಕೊರತೆಯೂ ಅದೇ.

ಜಾಣತನ ಯಾರ ಪಾಲಿಗೆ, ಕೊರತೆ ಯಾರ ಪಾಲಿಗೆ ಎಂಬುದು 1948ರ ಡಿಸೆಂಬರ್ 8ರ ಚರ್ಚೆಯಲ್ಲಿ ಕಾಣುತ್ತದೆ. ಅಂದು ಸಭೆಯ ಮುಂದಿದ್ದುದು ಕರಡಿನ 23ನೆಯ ಅನುಚ್ಛೇದ; ಮುಂದೆ ಅದೇ ಒಡೆದು 29 ಮತ್ತು 30ನೆಯ ಅನುಚ್ಛೇದಗಳಾಯಿತು. ಪ್ರತ್ಯೇಕ ಭಾಷೆ, ಲಿಪಿ, ಸಂಸ್ಕೃತಿಗಳನ್ನುಳ್ಳ ನಾಗರಿಕರ ಯಾವುದೇ ವರ್ಗಕ್ಕೆ ಅವನ್ನು ಉಳಿಸಿಕೊಳ್ಳುವ ಹಕ್ಕಿದೆ ಎಂಬುದು ಅದರ ತಿರುಳು. ‘ಅಲ್ಪಸಂಖ್ಯಾತರು’ ಎಂಬ ಪದವನ್ನು ಬಿಟ್ಟು ‘ನಾಗರಿಕರ ಯಾವುದೇ ವರ್ಗ’ ಎಂದು ಬರೆದುದೇಕೆ ಎಂಬುದಕ್ಕೆ ಅಂಬೇಡ್ಕರರು ಅಂದು ಕೊಟ್ಟ ವಿವರಣೆಯನ್ನು ಗಡಿನಾಡಿನವರು ಗಮನವಿಟ್ಟು ಓದಬೇಕು. ಬಂಗಾಳದಲ್ಲಿ ನೆಲೆಸಿದ ಮಹಾರಾಷ್ಟ್ರೀಯರು, ಮುಂಬಯಿಯಲ್ಲಿ ನೆಲೆಸಿದ ಮದರಾಸಿನವರು ತಾಂತ್ರಿಕ ಅರ್ಥದಲ್ಲಿ ಅಲ್ಪಸಂಖ್ಯಾತರೆನಿಸದಿದ್ದರೂ ಭಾಷೆ ಮತ್ತು ಸಂಸ್ಕೃತಿಗಳ ದೃಷ್ಟಿಯಿಂದ ಅಲ್ಪಸಂಖ್ಯಾತರೇ. ರಕ್ಷಣೆ ಅವರಿಗೂ ದೊರೆಯಬೇಕು ಎಂಬುದು ಅವರ ಮಾತಿನ ಸಾರ. 1946ರ ಚುನಾವಣೆ ಗುರುತಿಸದ ಭಾಷಿಕ ಅಲ್ಪಸಂಖ್ಯಾತನನ್ನು ಸಂವಿಧಾನದ ಪಠ್ಯ ಮೊದಲ ಬಾರಿಗೆ ಗುರುತಿಸಿದ್ದು ಇಲ್ಲಿ. ಒಂದು ಸೂಕ್ಷ್ಮವನ್ನು ಮಾತ್ರ ಹೇಳಲೇಬೇಕು: ಅಂಬೇಡ್ಕರರ ಉದಾಹರಣೆಗಳು ಊರು ಬಿಟ್ಟು ಬೇರೆಡೆ ಹೋಗಿ ನೆಲೆಸಿದವರವು. ಅಕ್ಕಲಕೋಟೆಯ ಕನ್ನಡಿಗನು ಎಲ್ಲಿಗೂ ಹೋದವನಲ್ಲ; ಗಡಿಯೇ ಅವನ ಸುತ್ತ ಸರಿದಾಡಿತು.

ಅದೇ ದಿನ ಸಂಯುಕ್ತ ಪ್ರಾಂತದ ಝಡ್.ಎಚ್. ಲಾರಿ ಒಂದು ತಿದ್ದುಪಡಿಯನ್ನು ಮಂಡಿಸಿದರು. ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕು ಸಾಲದು. ಪ್ರತ್ಯೇಕ ಭಾಷೆ ಮತ್ತು ಲಿಪಿಯುಳ್ಳ ವರ್ಗದ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ಆ ಭಾಷೆಯಲ್ಲಿಯೇ ಪಡೆಯುವ ಹಕ್ಕಿರಬೇಕು ಎಂಬುದು ಅವರ ಬೇಡಿಕೆ. ಅವರ ಮನಸ್ಸಿನಲ್ಲಿದ್ದುದು ತಮ್ಮ ಪ್ರಾಂತದ ಉರ್ದು. ಆದರೆ ಅವರು ಬರೆದ ವಾಕ್ಯವು ಅಂಗೀಕೃತವಾಗಿದ್ದರೆ ತೋಳನೂರಿನ ಕನ್ನಡದ ಮಗುವಿಗೂ, ಬೆಳಗಾವಿಯ ಮರಾಠಿ ಮಗುವಿಗೂ, ಸೊಲ್ಲಾಪುರದ ನೇಕಾರ ಓಣಿಯ ತೆಲುಗು ಮಗುವಿಗೂ ಸಮಾನವಾಗಿ ಅನ್ವಯಿಸುತ್ತಿತ್ತು. ಅದು ಮೂಲಭೂತ ಹಕ್ಕಿನ ಭಾಗವಾಗಿ ನ್ಯಾಯಾಲಯದ ಮುಂದೆ ಕೇಳಬಹುದಾದ ಹಕ್ಕಾಗುತ್ತಿತ್ತು. ತಿದ್ದುಪಡಿ ಸೋತಿತು. ಲಾರಿಯವರು ಸಭೆಗೆ ಬಂದದ್ದು ಮುಸ್ಲಿಂ ವರ್ಗದ ಸ್ಥಾನದಿಂದ ಎಂಬುದನ್ನು ಇಲ್ಲಿ ಮರೆಯಬಾರದು. 1946ರ ವಿಂಗಡಣೆಯಲ್ಲಿ ಉರ್ದುವಿಗೆ ಧರ್ಮದ ಹೆಸರಿನಲ್ಲಿ ಒಂದು ಬಾಗಿಲು ತೆರೆದಿತ್ತು. ಆದುದರಿಂದ ಅದರ ಪರವಾಗಿ ಎದ್ದು ನಿಲ್ಲುವವರಿದ್ದರು. ಬೇರೆ ಭಾಷಾ ಪ್ರದೇಶಗಳ ಅಂಚಿನಲ್ಲಿದ್ದ ಕನ್ನಡ, ತೆಲುಗು, ಮರಾಠಿಗಳ ಮಕ್ಕಳಿಗಾಗಿ ಆರಿಸಿ ಬಂದವರೆಂಬ ಒಂದು ವರ್ಗವೇ ಇರಲಿಲ್ಲ. ಇದ್ದಿದ್ದರೆ ಮತದ ಫಲಿತಾಂಶ ಬದಲಾಗುತ್ತಿತ್ತೆಂದು ಹೇಳಲಾಗದು. ಆದರೆ ದೇಶವಿಭಜನೆಯ ಮರುವರ್ಷ ಆ ವಾಕ್ಯವು ಒಂದೇ ಸಮುದಾಯದ ಅಹವಾಲಿನಂತೆ ಕೇಳಿಸುವ ಪ್ರಮೇಯವಾದರೂ ತಪ್ಪುತ್ತಿತ್ತು.

ಈ ಚರ್ಚೆ ನಡೆದ ಎರಡು ದಿನಗಳ ಬಳಿಕ, ಡಿಸೆಂಬರ್ 10ರಂದು, ಸಂವಿಧಾನ ಸಭೆಯ ಅಧ್ಯಕ್ಷರು ನೇಮಿಸಿದ್ದ ಭಾಷಾವಾರು ಪ್ರಾಂತಗಳ ಆಯೋಗ ತನ್ನ ವರದಿಯನ್ನು ಒಪ್ಪಿಸಿತು. ಎಸ್.ಕೆ. ಧರ್ ಅಧ್ಯಕ್ಷತೆಯ ಆ ಆಯೋಗವು ಆಂಧ್ರ, ಕರ್ನಾಟಕ, ಕೇರಳ, ಮಹಾರಾಷ್ಟ್ರಗಳನ್ನು ಭಾಷೆಯೊಂದರ ಆಧಾರದ ಮೇಲೆ ರಚಿಸುವುದು ಸದ್ಯಕ್ಕೆ ಬೇಡವೆಂದಿತು. ಹೀಗೆ ಒಂದೇ ವಾರದಲ್ಲಿ ಸೊಲ್ಲಾಪುರ ಸೀಮೆಯ ಕನ್ನಡಿಗರ ಎರಡು ಆಸೆಗಳು ಹಿಂದೆ ಸರಿದವು. ಶಾಲೆಯ ಹಕ್ಕೂ ದೊರೆಯಲಿಲ್ಲ, ಗಡಿಯ ನಿರ್ಣಯವೂ ಆಗಲಿಲ್ಲ. 1950ರಲ್ಲಿ, ಸಂವಿಧಾನ ಜಾರಿಗೆ ಬಂದ ವರ್ಷವೇ, ಕನ್ನಡ ಸಾಹಿತ್ಯ ಸಮ್ಮೇಳನವು ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸೊಲ್ಲಾಪುರದಲ್ಲಿ ಸೇರಿತು ಎಂಬುದನ್ನು ಈ ಹಿನ್ನೆಲೆಯಲ್ಲಿ ನೆನೆಯಬಹುದು.

1951–52ರ ಮಹಾಚುನಾವಣೆಯಲ್ಲಿ ಸೊಲ್ಲಾಪುರದ ವಯಸ್ಕರೆಲ್ಲರೂ ಮೊದಲ ಬಾರಿಗೆ ಮತದಾರರಾದರು. ಸೊಲ್ಲಾಪುರ ಆಗ ಇಬ್ಬರನ್ನು ಲೋಕಸಭೆಗೆ ಕಳುಹಿಸುವ ಕ್ಷೇತ್ರ. ಗೆದ್ದವರಲ್ಲಿ ಒಬ್ಬರು ಶೇತಕರಿ ಕಾಮಗಾರ ಪಕ್ಷದ ಶಂಕರರಾವ ಮೋರೆ, ಇನ್ನೊಬ್ಬರು ಪರಿಶಿಷ್ಟ ಜಾತಿ ಒಕ್ಕೂಟದ ಪಿ.ಎನ್. ರಾಜಭೋಜ. 1946ರಲ್ಲಿ ಮುಂಬಯಿ ಪ್ರಾಂತದಲ್ಲಿ ಒಂದು ಸ್ಥಾನವನ್ನೂ ಪಡೆಯದೆ ಪುಣೆಯ ಬೀದಿಯಲ್ಲಿ ಸತ್ಯಾಗ್ರಹ ಹೂಡಿದ್ದ ಒಕ್ಕೂಟದ ಅದೇ ಮುಂದಾಳನ್ನು, ಜರಡಿಯನ್ನು ತೆಗೆದೊಡನೆ ಸೊಲ್ಲಾಪುರ ಆರಿಸಿತು. ಆ ಸಲ ಒಕ್ಕೂಟಕ್ಕೆ ಇಡೀ ದೇಶದಲ್ಲಿ ದೊರೆತ ಲೋಕಸಭಾ ಸ್ಥಾನಗಳು ಎರಡೇ, ಅವುಗಳಲ್ಲಿ ಇದೊಂದು. ಸೀಮಿತ ಮತದಾನ ಮತ್ತು ಪೂರ್ಣ ಮತದಾನಗಳ ನಡುವಿನ ಅಂತರವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ.

1948ರಲ್ಲಿ ಕೈತಪ್ಪಿದ ಶಾಲೆಯ ವಿಷಯವನ್ನು ಮತ್ತೆ ಕೈಗೆತ್ತಿಕೊಂಡದ್ದು ಈ ಸಂಸತ್ತೇ. 1955ರಲ್ಲಿ ರಾಜ್ಯ ಪುನರ್‌ವಿಂಗಡಣಾ ಆಯೋಗವು, ಗಡಿಗಳನ್ನು ಎಷ್ಟೇ ಎಚ್ಚರದಿಂದ ಎಳೆದರೂ ಪ್ರತಿ ರಾಜ್ಯದಲ್ಲಿ ಭಾಷಿಕ ಅಲ್ಪಸಂಖ್ಯಾತರು ಉಳಿದೇ ಉಳಿಯುವರೆಂದು ಕಂಡು, ಅವರಿಗೆ ಸಂವಿಧಾನದ ರಕ್ಷಣೆ ಬೇಕೆಂದಿತು. 1956ರ ಏಳನೆಯ ತಿದ್ದುಪಡಿಯಿಂದ 350ಎ ಮತ್ತು 350ಬಿ ಅನುಚ್ಛೇದಗಳು ಸೇರಿದವು. ಅದೇ ವರ್ಷದ ನವೆಂಬರ್ 1ರಂದು ಬಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡಗಳು ಮೈಸೂರು ರಾಜ್ಯಕ್ಕೆ ಬಂದವು. ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲಿ ಉಳಿದವು. 1967ರ ಮಹಾಜನ ಆಯೋಗದ ವರದಿ ಅಕ್ಕಲಕೋಟೆಯನ್ನೂ ದಕ್ಷಿಣ ಸೊಲ್ಲಾಪುರ ಹಾಗೂ ಜತ್ತ ತಾಲೂಕುಗಳ ಹಲವು ಗ್ರಾಮಗಳನ್ನೂ ಮೈಸೂರಿಗೆ ಸೇರಿಸಬೇಕೆಂದಿತು, ಅದು ಜಾರಿಯಾಗಲಿಲ್ಲ. ಗಡಿ ನಿಂತಲ್ಲಿಯೇ ನಿಂತುದರಿಂದ ಅಕ್ಕಲಕೋಟೆಯ ಕನ್ನಡ ಮಗುವಿಗೆ ಉಳಿದ ಆಸರೆ 350ಎ.

ಆ ಅನುಚ್ಛೇದದ ಮಾತುಗಳನ್ನು ಲಾರಿಯವರ ತಿದ್ದುಪಡಿಯ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 1948ರ ವಾಕ್ಯ ಮಗುವಿನ ಹಕ್ಕಿನಿಂದ ಆರಂಭವಾಗುತ್ತಿತ್ತು. 1956ರ ವಾಕ್ಯ ರಾಜ್ಯದ ಮತ್ತು ರಾಜ್ಯದೊಳಗಿನ ಸ್ಥಳೀಯ ಪ್ರಾಧಿಕಾರದ ಪ್ರಯತ್ನದಿಂದ ಆರಂಭವಾಗುತ್ತದೆ: ಭಾಷಿಕ ಅಲ್ಪಸಂಖ್ಯಾತ ವರ್ಗಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಬೋಧಿಸಲು ಸಾಕಷ್ಟು ಸೌಕರ್ಯ ಒದಗಿಸಲು ಅವು ಪ್ರಯತ್ನಿಸತಕ್ಕದ್ದು, ಅಗತ್ಯವೆನಿಸಿದರೆ ರಾಷ್ಟ್ರಪತಿಯವರು ರಾಜ್ಯಕ್ಕೆ ನಿರ್ದೇಶನ ನೀಡಬಹುದು. ಸ್ಥಳೀಯ ಪ್ರಾಧಿಕಾರ ಎಂಬ ಮಾತು ಹಗುರವಾದುದಲ್ಲ. ಸೊಲ್ಲಾಪುರದಲ್ಲಿ ಅದಕ್ಕೆ ಜಿಲ್ಲಾ ಪರಿಷತ್ತು, ಮಹಾನಗರ ಪಾಲಿಕೆ ಎಂದರ್ಥ. ‘ಸಾಕಷ್ಟು’ ಎಂದರೆ ಎಷ್ಟು ಎಂಬುದನ್ನು ಅನುಚ್ಛೇದ ಹೇಳುವುದಿಲ್ಲ. ರೂಢಿಯಲ್ಲಿ ಬಳಕೆಗೆ ಬಂದ ಅಳತೆ 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಗೊತ್ತುಮಾಡಿದ್ದು: ಇಡೀ ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳು, ಇಲ್ಲವೆ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಕನನ್ನು ನೇಮಿಸಬೇಕು. ಎಣಿಕೆಯ ಈ ಮಟ್ಟದ ಕೆಳಗೆ ಶಾಲೆ ಇಳಿದಾಗ ಪಾಲಕರ ಕೈಯಲ್ಲಿ ಉಳಿಯುವುದು ಮನವಿ. ಆ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು 350ನೆಯ ಅನುಚ್ಛೇದ ಕೊಡುತ್ತದೆ. ಸೊಲ್ಲಾಪುರದ ಕಚೇರಿಗೆ ಕನ್ನಡದಲ್ಲಿಯೇ ಅರ್ಜಿ ಬರೆಯಬಹುದು. ಅಲ್ಲಿ ಪರಿಹಾರ ಸಿಗದಿದ್ದರೆ 350ಬಿಯ ಅಡಿಯಲ್ಲಿ ನೇಮಕಗೊಳ್ಳುವ ಭಾಷಿಕ ಅಲ್ಪಸಂಖ್ಯಾತರ ಆಯುಕ್ತರ ಗಮನಕ್ಕೆ ತರಬಹುದು. ಆಯುಕ್ತರು ತನಿಖೆ ನಡೆಸಿ ರಾಷ್ಟ್ರಪತಿಯವರಿಗೆ ವರದಿ ಕೊಡುತ್ತಾರೆ. ಆ ವರದಿ ಸಂಸತ್ತಿನ ಉಭಯ ಸದನಗಳ ಮುಂದೆ ಬರುತ್ತದೆ, ಸಂಬಂಧಪಟ್ಟ ರಾಜ್ಯ ಸರ್ಕಾರಕ್ಕೂ ಹೋಗುತ್ತದೆ. ಆದೇಶ ಹೊರಡಿಸುವ ಅಧಿಕಾರ ಆಯುಕ್ತರಿಗಿಲ್ಲ.